ಮುತ್ತಮ್ಮನವರು ಬರೆದುಕೊಟ್ಟ ಮುಚ್ಚಳಿಕೆ

ಸ್ತ್ರೀಯರು ರಾಜ್ಯಭಾರ ಮಾಡಿದ ನಿದರ್ಶನಗಳು ನಮ್ಮ ನಾಡಿನ ಚರಿತ್ರೆಗೆ ಹೊಸತಲ್ಲ. ಔರಂಗಜೇಬನ ಕೋಪಕ್ಕೆ ಅಂಜದೆ ಶಿವಾಜಿಯ ಪುತ್ರ ರಾಜಾರಾಮನಿಗೆ ಆಶ್ರಯವಿತ್ತ ಕೆಳದಿಯ ಚೆನ್ನಮ್ಮಾಜಿಯನ್ನೂ, 1895ರಿಂದ 1902ರವರೆಗೆ ಬಾಲಕನಾಗಿದ್ದ ಮಗನ ಪರವಾಗಿ ಮೈಸೂರನ್ನಾಳಿದ ವಾಣಿವಿಲಾಸ ಸನ್ನಿಧಾನದವರನ್ನೂ ನಾವು ಅಭಿಮಾನದಿಂದಲೇ ಸ್ಮರಿಸುತ್ತೇವೆ. ಆದರೆ ಪತಿಯ ಮರಣದಿಂದಲೋ ಪುತ್ರನ ಎಳೆವಯಸ್ಸಿನಿಂದಲೋ ಒದಗಿಬಂದ ಅಧಿಕಾರ ಒಂದು ಬಗೆಯದು. ಪುರುಷರೊಡನೆ ಒಂದೇ ಪರೀಕ್ಷೆಗೆ ಕುಳಿತು ತೇರ್ಗಡೆ ಹೊಂದಿ ಸಂಪಾದಿಸಿದ ಅಧಿಕಾರ ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಕೈಮುಗಿದ ಸಮಾಜವು ಎರಡನೆಯದನ್ನು ಕಂಡಾಗ ಏಕೆ ಹುಬ್ಬು ಗಂಟಿಕ್ಕಿತೆಂಬುದನ್ನು ತಿಳಿಯಬೇಕಾದರೆ ಕೊಡಗಿನ ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರ ವೃತ್ತಾಂತವನ್ನು ನೋಡಬೇಕು.

ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ವಿದ್ಯೆ ಕೊಡಿಸಿಯೇ ತೀರುವೆನೆಂದು ಹಟ ತೊಟ್ಟ ತಾಯಿಯ ಆಸರೆಯಲ್ಲಿ ಮಡಿಕೇರಿಯಲ್ಲಿಯೂ ಅನಂತರ ಮದರಾಸಿನಲ್ಲಿಯೂ ವ್ಯಾಸಂಗ ಮಾಡಿದ ಈ ಮಹಿಳೆ, ಸ್ವಾತಂತ್ರ್ಯ ಬಂದ ಮರುವರ್ಷ ಲೋಕಸೇವಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಪ್ರವೇಶಿಸಿದರು. ಆ ಸೇವೆಗೆ ಆಯ್ಕೆಯಾದ ಮಹಿಳೆಯರಲ್ಲಿ ಅವರೇ ಮೊದಲಿಗರು. ವಿದೇಶಾಂಗ ಸೇವೆ ಹೆಣ್ಣಿಗೆ ಹೇಳಿದ್ದಲ್ಲವೆಂದು ಅವರ ಮನಸ್ಸನ್ನು ತಿರುಗಿಸಲು ಸಂದರ್ಶನದ ಸಮಯದಲ್ಲಿಯೇ ಯತ್ನ ನಡೆದಿತ್ತು. ಅದು ಫಲಿಸದೆ ಹೋದಾಗ, ತಾವು ಮದುವೆಯಾದರೆ ಹುದ್ದೆಗೆ ರಾಜೀನಾಮೆ ಕೊಡುವುದಾಗಿ ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು.

ಇದು ಯಾರೋ ಒಬ್ಬ ಹಳೆಯ ಕಾಲದ ಅಧಿಕಾರಿಯ ಚಪಲವೆಂದು ತಳ್ಳಿಹಾಕುವಂತಿಲ್ಲ. ಲಿಂಗದ ಕಾರಣದಿಂದ ಸರ್ಕಾರಿ ಉದ್ಯೋಗದಲ್ಲಿ ಭೇದವೆಣಿಸಕೂಡದೆಂದು ಸಂವಿಧಾನದ 16ನೆಯ ಅನುಚ್ಛೇದವು 1950ರಲ್ಲಿ ಸ್ಪಷ್ಟವಾಗಿ ಸಾರಿದ ತರುವಾಯವೂ, 1961ರ ನಿಯಮಾವಳಿಗಳಲ್ಲಿ ಅದೇ ಷರತ್ತು ಶಾಸನದ ಭಾಷೆಯನ್ನು ಉಟ್ಟುಕೊಂಡು ಬಂದಿತು. ಮಹಿಳಾ ಅಧಿಕಾರಿ ವಿವಾಹವಾಗುವ ಮೊದಲು ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯಬೇಕು. ಸಂಸಾರದ ಹೊಣೆಗಳು ಕರ್ತವ್ಯದ ದಕ್ಷ ನಿರ್ವಹಣೆಗೆ ಅಡ್ಡಿಯಾಗುವುವೆಂದು ಸರ್ಕಾರಕ್ಕೆ ಮನವರಿಕೆಯಾದರೆ ಮದುವೆಯ ತರುವಾಯ ಆಕೆಯ ರಾಜೀನಾಮೆಯನ್ನು ಕೇಳಬಹುದು. ವಿವಾಹಿತ ಸ್ತ್ರೀಗೆ ಈ ಸೇವೆಯಲ್ಲಿ ನೇಮಕಗೊಳ್ಳುವ ಹಕ್ಕೇ ಇಲ್ಲ. ಗಂಡಸಿಗೂ ಸಂಸಾರವುಂಟು, ಮಕ್ಕಳುಂಟು, ಕಾಯಿಲೆ ಬೀಳುವ ವೃದ್ಧ ಮಾತಾಪಿತೃಗಳುಂಟು ಎಂಬುದು ಆ ನಿಯಮವನ್ನು ರಚಿಸಿದವರಿಗೆ ತೋಚಲಿಲ್ಲ. ಅವರ ಮನೆಗಳಲ್ಲಿ ಆ ಹೊಣೆಯನ್ನು ಹೊತ್ತವರು ಬೇರೆಯವರಾಗಿದ್ದುದೇ ಇದಕ್ಕೆ ಕಾರಣವೆಂದು ನನ್ನ ಊಹೆ.

ಇದರಲ್ಲಿ ಇನ್ನೊಂದು ವೈಚಿತ್ರ್ಯವಿದೆ. ಮೂವರು ಹೆಣ್ಣುಮಕ್ಕಳ ತಾಯಿಯಾದ ವಿಜಯಲಕ್ಷ್ಮಿ ಪಂಡಿತರು 1947ರಲ್ಲಿಯೇ ಮಾಸ್ಕೋಗೆ ರಾಯಭಾರಿಯಾಗಿ ಹೋದರು. 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರೂ ಆದರು. ಅವರ ಯೋಗ್ಯತೆ ನಿರ್ವಿವಾದ. ಆದರೂ ಪ್ರಧಾನಿಯ ಸಹೋದರಿಗೆ ತೆರೆದ ಬಾಗಿಲು ಪರೀಕ್ಷೆ ಗೆದ್ದು ಬಂದ ತರುಣಿಯ ಮುಂದೆ ಅರ್ಧ ಮುಚ್ಚಿಕೊಂಡಿತೆಂಬುದನ್ನು ಗಮನಿಸಿದರೆ, ಕುಲದ ಬಲದಿಂದ ಬಂದ ಹೆಣ್ಣಿನ ಅಧಿಕಾರಕ್ಕೆ ನಮ್ಮವರು ಎಂದೂ ಅಷ್ಟಾಗಿ ಬೆದರಿದವರಲ್ಲವೆಂಬುದು ವ್ಯಕ್ತವಾಗುತ್ತದೆ.

ಮುತ್ತಮ್ಮನವರು ಅವಿವಾಹಿತರಾಗಿಯೇ ಉಳಿದರು. ಪ್ಯಾರಿಸ್, ರಂಗೂನ್, ಲಂಡನ್ ಮೊದಲಾದ ಕಡೆಗಳಲ್ಲಿ ಸೇವೆ ಸಲ್ಲಿಸಿ, 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಸೇವೆಯೊಳಗಿನಿಂದಲೇ ಮೇಲೇರಿ ಆ ಪದವಿಯನ್ನು ಪಡೆದ ಪ್ರಥಮ ಮಹಿಳೆ ಅವರು. ಇಷ್ಟಾದರೂ ಅತ್ಯುನ್ನತ ಶ್ರೇಣಿಗೆ ಬಡ್ತಿ ಕೊಡುವ ಕಾಲ ಬಂದಾಗ, ಅರ್ಹತೆ ಸಾಲದೆಂಬ ಕಾರಣ ಹೇಳಿ ಅವರನ್ನು ಬಿಟ್ಟು ಕಿರಿಯರನ್ನು ಮುಂದೆ ಮಾಡಲಾಯಿತು. ಮದುವೆಯ ಷರತ್ತನ್ನು ಓದಿ ತೋರಿಸಬಹುದು, ಪ್ರಶ್ನಿಸಬಹುದು. ‘ಅರ್ಹತೆ’ಯೆಂಬ ಮುಸುಕಿನ ಒಳಗೆ ಏನಿದೆಯೆಂದು ತೋರಿಸುವುದು ಕಷ್ಟ. ಆದಕಾರಣವೇ ಮುತ್ತಮ್ಮನವರು ಎರಡನ್ನೂ ಜೊತೆಗೂಡಿಸಿ, ಈ ನಿಯಮಗಳನ್ನು ರಚಿಸಿದ ಮನಸ್ಸೇ ತಮ್ಮ ಬಡ್ತಿಯನ್ನೂ ತಡೆದಿದೆಯೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು.

ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಸರ್ಕಾರವು ಅವರಿಗೆ ಬಡ್ತಿ ಕೊಟ್ಟಿತು. ವಿವಾಹಿತೆಯರಿಗೆ ಹಕ್ಕಿಲ್ಲವೆಂಬ ನಿಯಮ 1973ರಲ್ಲಿಯೇ ರದ್ದಾಗಿದೆ, ಅನುಮತಿಯ ನಿಯಮವನ್ನೂ ತೆಗೆದುಹಾಕುತ್ತಿದ್ದೇವೆ ಎಂದೂ ಅರಿಕೆ ಮಾಡಿಕೊಂಡಿತು. 1979ರ ಸೆಪ್ಟೆಂಬರಿನಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಅರ್ಜಿಯನ್ನು ವಜಾ ಮಾಡಿದರಾದರೂ, ಆ ನಿಯಮಗಳನ್ನು ತೀಕ್ಷ್ಣವಾಗಿ ಖಂಡಿಸಿ, ಹೆಂಡತಿಯಾದ ಅಧಿಕಾರಿಗೆ ಸಂಸಾರದ ಅಡ್ಡಿಯುಂಟೆಂದರೆ ಗಂಡನಾದ ಅಧಿಕಾರಿಗೂ ಅದು ಉಂಟಲ್ಲವೆ ಎಂದು ಕೇಳಿ, ಕಿರಿಯರಿಗಿಂತ ಹಿಂದೆ ಬಿದ್ದ ಮುತ್ತಮ್ಮನವರ ಜ್ಯೇಷ್ಠತೆಯನ್ನು ಪುನಃ ಪರಿಶೀಲಿಸಬೇಕೆಂದು ಸೂಚಿಸಿದರು. ಎಲ್ಲ ಉದ್ಯೋಗಗಳಲ್ಲಿಯೂ ಸ್ತ್ರೀಪುರುಷರು ಸಮಾನರೆಂದು ತಾವು ಸಾರ್ವತ್ರಿಕವಾಗಿ ಸಾರುತ್ತಿಲ್ಲವೆಂದು ಅವರು ಸೇರಿಸಿದ ಮಾತು ಮಾತ್ರ ಈಗ ಓದುವವರಿಗೆ ತುಸು ಇರಿಸುಮುರಿಸನ್ನುಂಟುಮಾಡುತ್ತದೆ. ಅಷ್ಟು ಉದಾರಿಗಳಾದ ನ್ಯಾಯಾಧೀಶರೂ ಅಲ್ಲಿಗೆ ಬಂದು ನಿಂತರು.

ಮುತ್ತಮ್ಮನವರು ನೆದರ್‌ಲ್ಯಾಂಡ್ಸಿನ ರಾಯಭಾರದವರೆಗೂ ಸೇವೆ ಸಲ್ಲಿಸಿ 1982ರಲ್ಲಿ ನಿವೃತ್ತರಾದರು. 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಿಧನ ಹೊಂದಿದರು. ಅದೇ ವರ್ಷದ ಆಗಸ್ಟಿನಲ್ಲಿ ವಿದೇಶಾಂಗ ಕಾರ್ಯದರ್ಶಿಯ ಪೀಠವನ್ನೇರಿದ ನಿರುಪಮಾ ರಾವ್ ಅವರು ವಿವಾಹಿತೆ. ಲೋಕಸೇವಾ ಪರೀಕ್ಷೆಗೆ ಓದುತ್ತಿರುವ ನಮ್ಮ ತರುಣ ತರುಣಿಯರು ಕೆಲವೇ ಪುಟಗಳ ಆ ತೀರ್ಪನ್ನು, ಪಠ್ಯದಲ್ಲಿ ಇರಲಿ ಇಲ್ಲದಿರಲಿ, ಒಮ್ಮೆ ಪೂರ್ತಿಯಾಗಿ ಓದಬೇಕೆಂದು ಬೇಡುತ್ತೇನೆ.