ಬಾರಕೂರಿನ ಹಲರೂ ಇಂದಿನ ಮಂತ್ರಿಮಂಡಲವೂ

ಸೀತಾನದಿಯು ಕಡಲನ್ನು ಕೂಡುವೆಡೆಯಲ್ಲಿ ಹಂಗಾರಕಟ್ಟೆಯೆಂಬ ಸಣ್ಣ ರೇವು ಇದೆ. ಅಲ್ಲಿಂದ ಹೊಳೆಯನ್ನೇ ಹಿಡಿದು ಮೇಲಕ್ಕೆ ಹೋದರೆ ಆಳುಪರ ರಾಜಧಾನಿಯೂ ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಮುಖ್ಯಸ್ಥಾನವೂ ಆಗಿದ್ದ ಬಾರಕೂರು ಸಿಕ್ಕುವುದು. ಈ ನಾಡನ್ನು ಆಳಿದ ಕಾರ್ಯಾಂಗವು ಯಾರಿಂದ ನೇಮಕವಾಗುತ್ತಿದ್ದಿತು, ಯಾರಿಗೆ ಉತ್ತರ ಹೇಳಬೇಕಾಗಿದ್ದಿತು ಎಂಬುದೇ ಪ್ರಕೃತ ವಿಚಾರ.

ಬಾರಕೂರಿನ ಶಾಸನಗಳಲ್ಲಿ ಕೇರಿಗಳ ಹಲರೂ ಸೆಟ್ಟಿಕಾರರೂ ಕಾಣಬರುತ್ತಾರೆ. ‘ಹಲರು’ ಎಂಬ ಮಾತನ್ನು ಕಂಡೊಡನೆಯೇ ಇದು ಪ್ರಜೆಗಳು ಚುನಾಯಿಸಿದ ಸರಕಾರವೆಂದು ಹಿಗ್ಗುವವರುಂಟು. ಇದು ಆತುರದ ನಿರ್ಣಯ. ಹಲರು ದತ್ತಿಗೆ ಸಾಕ್ಷಿಗಳು, ಧರ್ಮದ ಪಾಲಕರು, ಊರ ವ್ಯವಹಾರದಲ್ಲಿ ಗಣ್ಯರು. ಅವರ ಮಾತಿಗೆ ತೂಕವಿದ್ದುದು ನಿಜ. ಆದರೆ ರಾಜ್ಯವನ್ನಾಳುತ್ತಿದ್ದ ಒಡೆಯನು ವಿಜಯನಗರದರಸನಿಂದ ನಿಯುಕ್ತನಾಗಿ ಬಂದವನೇ ಹೊರತು ಹಲರು ಆರಿಸಿದವನಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಪರಾಂತಕ ಚೋಳನ ಕಾಲದ, ಅಂದರೆ ಹತ್ತನೆಯ ಶತಮಾನದ, ಶಾಸನಗಳು ಓಲೆಗಳಲ್ಲಿ ಹೆಸರು ಬರೆದು ಕೊಡದೊಳಗಿಂದ ಎತ್ತುವ ವಿಧಿಯನ್ನು ವಿವರಿಸುತ್ತವೆ. ಅಂತಹ ವಿಧಿಯನ್ನು ಹೇಳುವ ಶಾಸನವು ಬಾರಕೂರಿನಲ್ಲಿ ದೊರೆತಿಲ್ಲ. ಉತ್ತರಮೇರೂರಿನದಾದರೂ ಒಂದು ಅಗ್ರಹಾರದ ಸಭೆಯ ಕಟ್ಟಳೆಯೇ ಹೊರತು ರಾಜ್ಯದ್ದಲ್ಲ.

ಕೆಳದಿಯವರೂ ಮೈಸೂರಿನ ಸುಲ್ತಾನರೂ ಆಳಿದ ಬಳಿಕ 1799ರಲ್ಲಿ ಕನ್ನಡ ಜಿಲ್ಲೆಯು ಕಂಪನಿಯ ವಶವಾಯಿತು. ಮನ್ರೋ ಇಲ್ಲಿಯ ಮೊದಲ ಕಲೆಕ್ಟರನು. 1862ರಲ್ಲಿ ಉತ್ತರ ಭಾಗವು ಮುಂಬಯಿಗೆ ಸೇರಿದಾಗ ಕುಂದಾಪುರ ತಾಲ್ಲೂಕೂ ಅದರ ದಕ್ಷಿಣದ ಭಾಗವೂ ಮದರಾಸಿನಲ್ಲೇ ಉಳಿದವು. ಅಲ್ಲಿಂದ ಮುಂದೆ ಈ ಕರಾವಳಿಯ ಸರಕಾರವೆಂದರೆ ಮದರಾಸಿನ ಗವರ್ನರನ ಸರಕಾರವೇ.

ಮತದಾರನಿಗೂ ಕಾರ್ಯಾಂಗಕ್ಕೂ ಮೊದಲ ಸಂಬಂಧವು ಉಂಟಾದುದು 1919ರ ಶಾಸನದಿಂದ. 1920ರ ಚುನಾವಣೆಯಾದ ಮೇಲೆ ಜಸ್ಟಿಸ್ ಪಕ್ಷದ ಸುಬ್ಬರಾಯಲು ರೆಡ್ಡಿಯಾರರೂ, ಮರುವರ್ಷ ಪಾನಗಲ್ಲಿನ ರಾಜರೂ ಪ್ರಧಾನ ಮಂತ್ರಿಗಳಾದರು. ಆದರೆ ಈ ಕಾರ್ಯಾಂಗಕ್ಕೆ ದೇಹ ಒಂದಾದರೂ ತಲೆ ಎರಡು. ವಿದ್ಯಾಭ್ಯಾಸ, ವೈದ್ಯ, ಸ್ಥಳೀಯ ಸ್ವರಾಜ್ಯ ಮುಂತಾದುವು ಮಂತ್ರಿಗಳ ಕೈಗೆ ಬಂದುವು. ಭೂಕಂದಾಯ, ಪೋಲೀಸು, ಹಣಕಾಸು ಗವರ್ನರನಿಗೂ ಅವನ ಕಾರ್ಯಕಾರಿ ಸಭೆಗೂ ಮೀಸಲಾದುವು. ಕುಂದಾಪುರದ ರೈತನು ತನ್ನ ಪ್ರತಿನಿಧಿಯ ಮೂಲಕ ಶಾಲೆಯ ವಿಚಾರದಲ್ಲಿ ಮಂತ್ರಿಯನ್ನು ತಡೆದು ಕೇಳಬಹುದಾಗಿದ್ದಿತು. ತೀರ್ವೆಯ ಬಾಧೆಗೆ ಹೊಣೆಯಾದವನನ್ನು ಇಳಿಸಲಾರನಾಗಿದ್ದನು. ಮತದಾನಕ್ಕೂ ಆಸ್ತಿಯ ಕಟ್ಟಳೆ ಇದ್ದುದರಿಂದ ಗೇಣಿದಾರರಲ್ಲಿ ಬಹುಮಂದಿಗೆ ಆ ಅಲ್ಪಾಧಿಕಾರವೂ ಇರಲಿಲ್ಲ.

1935ರ ಶಾಸನವು ಪ್ರಾಂತಗಳಲ್ಲಿ ಈ ಇಬ್ಬಗೆಯನ್ನು ತೆಗೆದಿತು. ಗವರ್ನರನ ವಿಶೇಷಾಧಿಕಾರಗಳನ್ನು ಉಳಿಸಿತು. 1937ರ ಚುನಾವಣೆಯಲ್ಲಿ ಮದರಾಸಿನ ವಿಧಾನಸಭೆಯ 215 ಸ್ಥಾನಗಳ ಪೈಕಿ 159 ಕಾಂಗ್ರೆಸ್ಸಿಗೆ ಬಂದುವು. ಆ ಅಧಿಕಾರಗಳನ್ನು ಬಳಸುವುದಿಲ್ಲವೆಂಬ ಆಶ್ವಾಸನೆಯಿಲ್ಲದೆ ಕಾಂಗ್ರೆಸ್ಸು ಮಂತ್ರಿಮಂಡಲವನ್ನು ರಚಿಸಲೊಪ್ಪಲಿಲ್ಲ. ಬಹುಮತವಿಲ್ಲದ ಕೆ. ವಿ. ರೆಡ್ಡಿ ನಾಯಿಡುಗಳು ಏಪ್ರಿಲಿನಿಂದ ಜುಲೈವರೆಗೆ ಪದವಿಯಲ್ಲಿದ್ದರು. ಸಭೆಯ ವಿಶ್ವಾಸವಿಲ್ಲದೆಯೂ ಮಂತ್ರಿಯಾಗಬಹುದೆಂಬುದು ಆಗ ಬಯಲಾಯಿತು. ಬಹುಕಾಲ ಇರಲಾಗದೆಂಬುದೂ ಬಯಲಾಯಿತು. ಆ ಬಳಿಕ ರಾಜಗೋಪಾಲಾಚಾರ್ಯರು ಪ್ರಧಾನರಾದರು. ಯುದ್ಧದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು 1939ರಲ್ಲಿ ಅವರು ರಾಜೀನಾಮೆಯಿತ್ತಾಗ ಆಡಳಿತವು ಪುನಃ ಗವರ್ನರನ ಕೈಸೇರಿ 1946ರವರೆಗೂ ಅಲ್ಲಿಯೇ ಇದ್ದಿತು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಸಂವಿಧಾನದ 164ನೆಯ ಅನುಚ್ಛೇದದಂತೆ ರಾಜ್ಯಪಾಲನು ಮುಖ್ಯಮಂತ್ರಿಯನ್ನೂ, ಅವನ ಸಲಹೆಯ ಮೇರೆಗೆ ಇತರ ಮಂತ್ರಿಗಳನ್ನೂ ನೇಮಿಸುವನು. ಮಂತ್ರಿಮಂಡಲವು ವಿಧಾನಸಭೆಗೆ ಒಟ್ಟಾಗಿ ಹೊಣೆಯಾಗಿರುವುದು. 2003ರ ತಿದ್ದುಪಡಿಯಿಂದ ಮಂತ್ರಿಗಳ ಸಂಖ್ಯೆಯು ಸಭೆಯ ನೂರಕ್ಕೆ 15ನ್ನು ಮೀರಕೂಡದು.

ಮತದಾರನು ಮುಖ್ಯಮಂತ್ರಿಯನ್ನು ನೇರವಾಗಿ ಆರಿಸುವುದಿಲ್ಲವೆಂಬುದಕ್ಕೆ ಹಂಗಾರಕಟ್ಟೆಯವರು ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಉಡುಪಿ-ಚಿಕ್ಕಮಗಳೂರಿನಿಂದ ಲೋಕಸಭೆಗೆ ಹೋಗಿದ್ದ ಡಿ. ವಿ. ಸದಾನಂದಗೌಡರನ್ನು 2011ರ ಆಗಸ್ಟಿನಲ್ಲಿ ಅವರ ಪಕ್ಷದ ಶಾಸಕರು ಗುಪ್ತ ಮತದಿಂದ ನಾಯಕರನ್ನಾಗಿ ಆರಿಸಿದರು. ರಾಜ್ಯದ ಎರಡು ಸದನಗಳಲ್ಲಿ ಯಾವುದಕ್ಕೂ ಸೇರದಿದ್ದ ಅವರು ಮುಖ್ಯಮಂತ್ರಿಯಾಗಿ, ವಿಧಿಸಿದ ಆರು ತಿಂಗಳೊಳಗೆ ವಿಧಾನಪರಿಷತ್ತನ್ನು ಪ್ರವೇಶಿಸಿದರು. ಅವರು ತೆರವು ಮಾಡಿದ ಲೋಕಸಭಾ ಸ್ಥಾನಕ್ಕೆ 2012ರ ಮಾರ್ಚಿನಲ್ಲಿ ನಡೆದ ಉಪಚುನಾವಣೆಯಲ್ಲಿ ಇಲ್ಲಿಯ ಮತದಾರರು ಎದುರು ಪಕ್ಷದ ಜಯಪ್ರಕಾಶ ಹೆಗ್ಡೆಯವರನ್ನು ಗೆಲ್ಲಿಸಿದರು.