ಡಂಗುರವೂ ಚಾವಡಿಯೂ

ಕೆರೆಯೊಂದನ್ನು ಕಟ್ಟುವುದಕ್ಕೆ ಕಲ್ಲು, ಮಣ್ಣು, ಎತ್ತು, ಗಾಡಿ ಮೊದಲಾದವು ಎಷ್ಟು ಆವಶ್ಯಕವೋ, ಕಟ್ಟಿದ ಕೆರೆಯನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬರುವುದಕ್ಕೆ ಊರಿನ ಪ್ರತಿಯೊಂದು ಮನೆಗೂ ತಲಪುವ ಮಾತು ಅಷ್ಟೇ ಆವಶ್ಯಕವಾದುದು. ಹೂಳೆತ್ತುವುದಕ್ಕೆ ಯಾವ ದಿನ ಕೂಡಬೇಕು, ಮನೆಗೆಷ್ಟು ಆಳು ಬರಬೇಕು, ತೂಬನ್ನು ಎಂದು ಎತ್ತುವುದು, ಕಡೆಯ ಗದ್ದೆಗೆ ನೀರು ಮುಟ್ಟುವ ಮೊದಲೇ ಮೇಲಿನ ಗದ್ದೆಯವನು ಮಡೆ ತಿರುಗಿಸಿಕೊಂಡರೆ ಅವನಿಗೆ ಏನು ದಂಡ ಎಂಬಿವೇ ಮೊದಲಾದ ವಿಷಯಗಳನ್ನು ಎಲ್ಲರಿಗೂ ತಿಳಿಸಿ, ಎಲ್ಲರ ಒಪ್ಪಿಗೆಯನ್ನು ಪಡೆದು, ಒಪ್ಪಿದುದನ್ನು ಮರೆಯದಂತೆ ಕಾಪಾಡುವ ಏರ್ಪಾಡಿಲ್ಲದ ಊರಿನಲ್ಲಿ ಎಷ್ಟು ಭದ್ರವಾದ ಏರಿಯೂ ಬಹುಕಾಲ ನಿಲ್ಲಲಾರದು. ಕೆರೆ ಕಟ್ಟಿಸಿದ ಅರಸರ ಮತ್ತು ದಾನಿಗಳ ಹೆಸರುಗಳನ್ನು ನಮ್ಮ ಚರಿತ್ರೆ ಭಕ್ತಿಯಿಂದ ಸ್ಮರಿಸಿಕೊಂಡಿದೆ. ಊರೊಟ್ಟಿನ ಕೆಲಸವನ್ನು ನಡೆಸಿದ ಈ ಮಾತಿನ ಏರ್ಪಾಡು ಮಾತ್ರ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಮೈಸೂರು ಸೀಮೆಯನ್ನು ಮುಖ್ಯವಾಗಿ ಇಟ್ಟುಕೊಂಡು ಅದನ್ನು ಇಲ್ಲಿ ಕೊಂಚ ನಿಧಾನವಾಗಿ ಪರಿಶೀಲಿಸುವುದು ನನ್ನ ಉದ್ದೇಶ.

ಕೆರೆಯ ಮಾತನ್ನು ಕಲ್ಲಿಗೆ ಒಪ್ಪಿಸುವ ಪದ್ಧತಿ ಈ ನಾಡಿನಲ್ಲಿ ಬಹು ಪ್ರಾಚೀನವಾದುದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ನಿಂತಿರುವ ಸ್ತಂಭಶಾಸನ, ಕದಂಬ ವಂಶದ ಪ್ರಶಸ್ತಿಯೆಂದು ಪ್ರಸಿದ್ಧವಾಗಿದ್ದರೂ, ಕಾಕುಸ್ಥವರ್ಮನು ಅಲ್ಲಿಯ ದೇವಾಲಯದ ಬಳಿಯಲ್ಲಿ ಕೆರೆ ತೋಡಿಸಿದುದನ್ನು ಲೋಕಕ್ಕೆ ತಿಳಿಸುವುದು ಅದರ ಪ್ರಯೋಜನಗಳಲ್ಲಿ ಒಂದು. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ತಿರುವಿ ನೋಡಿದವರಿಗೆ, ಕೆರೆ ಕಟ್ಟಿಸಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಿಂದ ಭೂಮಿಯನ್ನು ಬಿಟ್ಟುಕೊಟ್ಟ ವಿಚಾರ ಮತ್ತೆ ಮತ್ತೆ ಕಾಣುವುದು, ಮಣ್ಣು ಹೊರುವ ಗಾಡಿಯನ್ನೂ ಕೋಣಗಳನ್ನೂ ಸಾಕುವ ವೆಚ್ಚಕ್ಕೆಂದೇ ದತ್ತಿ ಬಿಟ್ಟ ಶಾಸನಗಳೂ ಉಂಟು. ಇಂಥ ಶಾಸನ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುತ್ತದೆ, ಸಾಕ್ಷಿಗಳನ್ನು ಹೆಸರಿಸುತ್ತದೆ, ಗಾವುಂಡರೂ ಮಹಾಜನರೂ ಸಮಸ್ತ ಪ್ರಜೆಗಳೂ ಇದ್ದು ಮಾಡಿದ ಕಾರ್ಯವೆಂದು ಸಾರುತ್ತದೆ.

ಆದರೆ ಈ ಅಕ್ಷರಗಳನ್ನು ಓದಬಲ್ಲವರು ಆ ಕಾಲದ ಊರಿನಲ್ಲಿ ಎಷ್ಟು ಮಂದಿ ಇದ್ದಿರಬೇಕು? ಶಾಸನವನ್ನು ಬರೆಸಿದವರು ಈ ಪ್ರಶ್ನೆಯನ್ನು ಮರೆತಿರಲಿಲ್ಲ. ಕಲ್ಲಿನ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿದುದು ಈ ಕಟ್ಟಳೆ ಆ ಎರಡು ಜ್ಯೋತಿಗಳಿರುವವರೆಗೂ ನಡೆಯತಕ್ಕದ್ದೆಂದು ಅಕ್ಷರವಿಲ್ಲದವನಿಗೂ ತಿಳಿಯಲೆಂದು. ಕರುವಿಗೆ ಹಾಲೂಡುವ ಹಸುವನ್ನು ಬಿಡಿಸಿದುದು ಇದು ದತ್ತಿಯ ಭೂಮಿ ಎಂಬುದು ದೂರದಿಂದಲೇ ಗೊತ್ತಾಗಲೆಂದು. ಕಟ್ಟಳೆಯನ್ನು ಮುರಿದವನು ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪಕ್ಕೆ ಹೋಗುವನೆಂಬ ಶಾಪವಾಕ್ಯ ಎದುರಿಗಿದ್ದವರನ್ನು ಮಾತ್ರ ಉದ್ದೇಶಿಸಿದುದಲ್ಲ. ಇನ್ನೂ ಹುಟ್ಟದಿದ್ದ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಆಡಿದ ಮಾತು ಅದು. ಸಮುದಾಯದ ಆಸ್ತಿಯನ್ನು ಕಾಯುವ ಹೊಣೆಯನ್ನು ಕಾಲದ ಆಚೆಗೆ ದಾಟಿಸಬೇಕೆಂದು ಇಷ್ಟು ಗಂಭೀರವಾಗಿ ಚಿಂತಿಸಿದ ಜನ, ಮಾತನ್ನು ಯಾರಿಗೆ, ಎಲ್ಲಿ, ಯಾವ ರೂಪದಲ್ಲಿ ಮುಟ್ಟಿಸಬೇಕೆಂಬ ವಿವೇಕವನ್ನು ಬಲ್ಲವರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಕಲ್ಲು ಶಾಶ್ವತವಾದ ಮಾತಿಗೆ. ದಿನದಿನದ ಮಾತಿಗೆ ಊರಿನಲ್ಲಿ ಆಯಗಾರರಿದ್ದರು. 1810ರಲ್ಲಿ ಮೈಸೂರಿನ ಚರಿತ್ರೆಯನ್ನು ಪ್ರಕಟಿಸಲಾರಂಭಿಸಿದ ಮಾರ್ಕ್ ವಿಲ್ಕ್ಸ್, ಪ್ರತಿಯೊಂದು ಗ್ರಾಮವನ್ನೂ ಒಂದು ಗಣರಾಜ್ಯವೆಂದು ವರ್ಣಿಸಿ, ಹನ್ನೆರಡು ಆಯದವರ ಕರ್ತವ್ಯಗಳನ್ನು ವಿವರಿಸಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮೊದಲಾದ ಇವರು ಸುಗ್ಗಿಯಲ್ಲಿ ಕಣದ ಬಳಿಯಲ್ಲೇ ತಮ್ಮ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದುದರಿಂದ, ಅವರು ಜವಾಬು ಹೇಳಬೇಕಾಗಿದ್ದುದು ಊರಿನ ರೈತರಿಗೆ. ಶಾನುಭೋಗನ ಕಡತದಲ್ಲಿ ಲೆಕ್ಕ, ನೀರುಗಂಟಿಯ ನೆನಪಿನಲ್ಲಿ ಗದ್ದೆ ಗದ್ದೆಯ ಸರದಿ, ತೋಟಿಯ ನೆನಪಿನಲ್ಲಿ ಎಲ್ಲೆಯ ಕಲ್ಲುಗಳು. ಊರೊಟ್ಟಿನ ಕೆಲಸ ಬಂದಾಗ ಗೌಡನ ಅಪ್ಪಣೆಯಂತೆ ಸಂಜೆಯ ಹೊತ್ತು, ಜನ ಹೊಲದಿಂದ ಹಿಂದಿರುಗಿ ಮನೆಯಲ್ಲಿರುವ ವೇಳೆಯನ್ನು ನೋಡಿಕೊಂಡು, ಬೀದಿ ಬೀದಿಯ ಮೂಲೆಯಲ್ಲಿ ತಮಟೆ ಬಡಿದು, ‘ಕೇಳ್ರಪ್ಪೋ ಕೇಳಿ’ ಎಂದು ಡಂಗುರ ಸಾರುತ್ತಿದ್ದರು. ಸುತ್ತಣ ಊರುಗಳಿಗೂ ತಿಳಿಯಬೇಕಾದ ಸಮಾಚಾರವಾದರೆ ಸಂತೆಯ ದಿನದವರೆಗೆ ಕಾಯುತ್ತಿದ್ದರು. ಸಂತೆಯಲ್ಲಿ ಸಾರಿದ ಮಾತು ಕತ್ತಲಾಗುವುದರೊಳಗೆ ಎತ್ತಿನ ಗಾಡಿಗಳಲ್ಲಿಯೂ ತಲೆಹೊರೆಗಳ ಜೊತೆಯಲ್ಲಿಯೂ ಹತ್ತಾರು ಹಳ್ಳಿಗಳನ್ನು ಸೇರುತ್ತಿದ್ದಿತು.

ಡಂಗುರದೊಂದಿಗೇ ಕೆಲಸ ಮುಗಿಯುತ್ತಿರಲಿಲ್ಲವೆಂಬುದು ಮುಖ್ಯವಾದ ಅಂಶ. ಡಂಗುರ ಜನರನ್ನು ಚಾವಡಿಗೆ ಕರೆಯುತ್ತಿದ್ದಿತು. ಅಥವಾ ಅರಳಿಯ ಕಟ್ಟೆಗೆ, ದೇವಸ್ಥಾನದ ಮುಂದಣ ಬಯಲಿಗೆ. ಅಲ್ಲಿ ಕೂಡಿದವರು ತಮ್ಮ ತಕರಾರನ್ನು ಎದುರಿಗೇ ಹೇಳುತ್ತಿದ್ದರು: ನನ್ನ ಎತ್ತು ಸತ್ತಿದೆ, ಗಾಡಿ ತರಲಾರೆ ಎಂದು ಒಬ್ಬ, ಹೋದ ವರ್ಷದ ಕೆಲಸಕ್ಕೆ ಇಂಥವರು ಬರಲೇ ಇಲ್ಲ ಎಂದು ಮತ್ತೊಬ್ಬ. ಹೇಳಿದವನ ಮಾತಿಗೆ ಕೇಳಿದವನು ಅಲ್ಲಿಯೇ ಉತ್ತರ ಕೊಡುವುದು, ಆ ಉತ್ತರದಿಂದ ನಿರ್ಣಯವೇ ಬದಲಾಗುವುದು, ಬದಲಾದ ನಿರ್ಣಯಕ್ಕೆ ಎಲ್ಲರೂ ಸಾಕ್ಷಿಗಳಾಗುವುದು—ಹಳೆಯ ಊರಾಡಳಿತದ ಬಲವೆಲ್ಲ ಇದರಲ್ಲಿದ್ದಿತೆಂದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಆ ಕಾಲವನ್ನು ಆದರ್ಶವೆಂದು ಹೊಗಳುವುದು ಸತ್ಯಕ್ಕೆ ಅಪಚಾರ. ತಮಟೆಯನ್ನು ಬಡಿದು ಊರಿನ ಪ್ರತಿಯೊಂದು ಮಾತನ್ನೂ ಹೊತ್ತು ತಿರುಗಿದವನು ಬಹುಮಟ್ಟಿಗೆ ಹೊಲಗೇರಿಯವನು. ಅವನು ಕರೆದ ಸಭೆಯಲ್ಲಿ ಕಟ್ಟೆಯ ಮೇಲೆ ಕೂಡುವ ಅಧಿಕಾರ ಅವನಿಗಿರಲಿಲ್ಲ. ದೂರದಲ್ಲಿ ನಿಂತು ಕೇಳಬಹುದಾಗಿದ್ದಿತು, ಕೇಳಿದರೆ ಉತ್ತರ ಹೇಳಬಹುದಾಗಿದ್ದಿತು. ತಾನಾಗಿ ಒಂದು ಮಾತನ್ನು ಎತ್ತುವಂತಿರಲಿಲ್ಲ. ಅವನ ಹೆಗಲು ಹೊತ್ತ ಮಣ್ಣಿನಿಂದ ಎದ್ದ ಕೆರೆಯಲ್ಲಿ ಅವನಿಗೆ ನೀರು ಮುಟ್ಟುವ ಹಕ್ಕಿಲ್ಲದ ಊರುಗಳು ಎಷ್ಟೋ ಇದ್ದವು. ದಿನವೂ ಕೆರೆಯ ನೀರನ್ನು ಹೊತ್ತ ಹೆಂಗಸರಿಗೂ ಚಾವಡಿಯಲ್ಲಿ ಸ್ಥಾನವಿರಲಿಲ್ಲ. ಸಮುದಾಯದ ಮಾತು ಸಮುದಾಯದ ಅರ್ಧಕ್ಕಿಂತ ಹೆಚ್ಚು ಜನರ ಬಾಯಿಯನ್ನು ಮುಚ್ಚಿಸಿ ನಡೆಯಿತೆಂಬುದು ನಮ್ಮ ಗ್ರಾಮಚರಿತ್ರೆಯ ದೊಡ್ಡ ಅನ್ಯಾಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಏರ್ಪಾಡು ಇನ್ನೊಂದು ದಿಕ್ಕಿನಿಂದ ಸಡಿಲವಾಯಿತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನ್ನಿನ ಆಡಳಿತ ನಡೆದ ಕಾಲದಲ್ಲಿ ಕೆರೆಗಳ ಮರಾಮತ್ತು ಕ್ರಮೇಣ ಸರ್ಕಾರದ ಇಲಾಖೆಗಳ ಕೈಸೇರಿತು. ಏರಿಯ ಮಣ್ಣಿನ ಕೆಲಸ ರೈತರದೆಂಬ ಹಳೆಯ ಕಟ್ಟಳೆ ಕಾಗದದಲ್ಲಿ ಉಳಿದರೂ, ಅದನ್ನು ಕೂಡಿ ನಿರ್ಣಯಿಸುವ ಸಭೆ ದುರ್ಬಲವಾಯಿತು. ಆಯಗಾರನು ಸರ್ಕಾರದ ನೌಕರನಾಗುತ್ತ ಬಂದಂತೆ ಅವನ ಮುಖ ಊರಿನಿಂದ ಕಚೇರಿಯ ಕಡೆಗೆ ತಿರುಗಿತು. ಡಂಗುರವೇನೋ ನಿಲ್ಲಲಿಲ್ಲ. ಬ್ರಿಟಿಷ್ ಇಂಡಿಯಾದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಸ್ಥಿರಾಸ್ತಿಯ ಜಫ್ತಿಯ ಆಜ್ಞೆಯನ್ನು ಆಸ್ತಿಯಿರುವ ಸ್ಥಳದಲ್ಲಿ ತಮಟೆಯ ಮೂಲಕವೋ ರೂಢಿಯಲ್ಲಿರುವ ಬೇರೆ ಕ್ರಮದಿಂದಲೋ ಸಾರಬೇಕೆಂದು ವಿಧಿಸಿತು. ಊರನ್ನು ಕೂಡಿಸುತ್ತಿದ್ದ ವಾದ್ಯ, ನೆರೆಯವನ ಮನೆ ಹರಾಜಾಗುವ ಸುದ್ದಿಯನ್ನು ಸಾರುವ ವಾದ್ಯವೂ ಆಯಿತು. ಈ ಡಂಗುರಕ್ಕೆ ಚಾವಡಿಯಿರಲಿಲ್ಲ. ಕೇಳಿದವರು ಮರುಮಾತಾಡುವ ಸ್ಥಳವೇ ಇರಲಿಲ್ಲ.

ಕಮಿಷನ್ನಿನ ಆಡಳಿತ ಮುಗಿದ ಅನಂತರದ ಸಾರ್ವಜನಿಕ ಚರಿತ್ರೆಯನ್ನು, ಕಳೆದುಹೋದ ಆ ಚಾವಡಿಯನ್ನು ದೊಡ್ಡದಾಗಿ ಕಟ್ಟುವ ಪ್ರಯತ್ನವೆಂದು ಓದಬಹುದು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ವಂಶಕ್ಕೆ ಬಂದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ತಾಲ್ಲೂಕುಗಳಿಂದ ಬಂದ 144 ಮಂದಿ ಪ್ರತಿನಿಧಿಗಳೆದುರಿಗೆ ದಿವಾನರು ಆಡಳಿತದ ವರದಿಯನ್ನು ಓದಿದರು. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ಬಂದವರು ಜಮೀನುದಾರರೂ ವರ್ತಕರೂ ಆದ ಅನುಕೂಲಸ್ಥರು. ಆದರೂ ಪ್ರತಿ ವರ್ಷವೂ ಸರ್ಕಾರ ತನ್ನ ಲೆಕ್ಕವನ್ನು ಹೇಳುವುದು, ಪ್ರತಿನಿಧಿಗಳು ತಮ್ಮ ಊರಿನ ಕೆರೆ ರಸ್ತೆಗಳ ಕಷ್ಟವನ್ನು ಹೇಳುವುದು ಎಂಬ ಪದ್ಧತಿ ಬೇರೂರಿತು. ಸಭೆಯಿಲ್ಲದ ದಿನಗಳಲ್ಲಿ ಈ ಕೆಲಸವನ್ನು ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಪತ್ರಿಕೆಗಳ ಮೂಲಕ ತಾತಯ್ಯನೆಂದು ಜನ ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು ನಡೆಸಿದರು.

1911ರ ಜೂನ್ ತಿಂಗಳಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಆರಂಭವಾದ ಮೈಸೂರು ಸಂಪದಭ್ಯುದಯ ಸಮಾಜ, ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ವಿಷಯಗಳಿಗೆ ಸಮಿತಿಗಳನ್ನು ನೇಮಿಸಿ, ಮುಂದೆ ಜಿಲ್ಲೆ ತಾಲ್ಲೂಕುಗಳಿಗೂ ಅವನ್ನು ವಿಸ್ತರಿಸಿತು. ಅದೇ ವರ್ಷ ಕೆರೆ ಪಂಚಾಯಿತಿಗಳ ಕಾನೂನೂ ಬಂದಿತು. ಗ್ರಾಮಾಭಿವೃದ್ಧಿಯ ಯೋಜನೆಯಲ್ಲಿ ಊರಿನವರು ವಾರಕ್ಕೆ ಅರ್ಧ ದಿನ ಶ್ರಮದಾನ ಮಾಡಬೇಕೆಂದು ಏರ್ಪಾಡಾಯಿತು. ಅಭಿವೃದ್ಧಿಯ ಮಾತು ಜನರ ಭಾಷೆಯಲ್ಲಿ ಇಲ್ಲದಿದ್ದರೆ ಅದು ಊರನ್ನು ಮುಟ್ಟಲಾರದೆಂಬ ವಿವೇಕವೂ ಈ ಸಮಾಜದಲ್ಲಿ ಮೂಡಿತು. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದುದು ಇದೇ ಚಿಂತನೆಯ ಫಲವಾಗಿ. ಇಷ್ಟಿದ್ದರೂ ಸಮಿತಿಯ ಮಾತು ಮೇಲಿನಿಂದ ಕೆಳಕ್ಕೆ ಇಳಿದಷ್ಟು ಸುಲಭವಾಗಿ ಕೆಳಗಿನಿಂದ ಮೇಲಕ್ಕೆ ಏರಲಿಲ್ಲ.

ಅದಕ್ಕೆ ವ್ಯತಿರಿಕ್ತವಾಗಿ ಕೆಳಗಿನಿಂದಲೇ ಎದ್ದ ಉದಾಹರಣೆಯೊಂದನ್ನು ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ನೋಡುತ್ತೇವೆ. 1904ರ ಸಹಕಾರ ಸಂಘಗಳ ಕಾನೂನಿನ ಆಧಾರದ ಮೇಲೆ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಆ ಕಾನೂನಿನ ಪ್ರಕಾರ ಗ್ರಾಮಸಂಘಗಳ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತ: ಒಬ್ಬನು ಸಾಲ ತೀರಿಸದಿದ್ದರೆ ಉಳಿದವರೆಲ್ಲರೂ ಅದಕ್ಕೆ ಬಾಧ್ಯರು. ಆದುದರಿಂದ ಸಂಘ ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಸಾಲ ಕೊಟ್ಟಿತೆಂಬುದು ಎಲ್ಲರಿಗೂ ತಿಳಿಯಲೇಬೇಕಾಗಿದ್ದಿತು; ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳುವುದು ಇಲ್ಲಿ ಮರ್ಯಾದೆಯ ಕ್ರಮವಾಗಿ ಉಳಿಯದೆ ಸಂಘದ ಪ್ರಾಣವೇ ಆಯಿತು. ತನ್ನ ಹಣಕ್ಕೆ ಸಂಬಂಧಿಸಿದ ಮಾತನ್ನು ಯಾವ ರೈತನೂ ಅನ್ಯಮನಸ್ಕನಾಗಿ ಕೇಳುವುದಿಲ್ಲ.

ಮಾತನ್ನು ದೂರಕ್ಕೆ ಒಯ್ಯುವ ಹೊಸ ಸಾಧನ ಬಂದುದು 1935ರ ಸೆಪ್ಟೆಂಬರ್ 10ರಂದು, ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದಾಗ. ಕ್ರಮೇಣ ಆಕಾಶವಾಣಿ ಎಲ್ಲ ಕಡೆಗಳಲ್ಲಿಯೂ ಕೇಳಿಸಿತು. ಆದರೆ ಕೇಳುವವನು ಅದಕ್ಕೆ ಮರುಮಾತು ಹೇಳುವುದು ಕಷ್ಟವೇ ಆಗಿದ್ದಿತು. ಈ ಕೊರತೆಯನ್ನು ತುಂಬಿದ ಪ್ರಯೋಗ ನಡೆದುದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತೆಂದು 1995ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದ್ದರೂ, ಸಮುದಾಯ ಸಂಸ್ಥೆಗಳಿಗೆ ರೇಡಿಯೋ ಪರವಾನಗಿ ಕೊಡುವ ನೀತಿ ಬಂದುದು 2006ರಲ್ಲಿ. ಅದಕ್ಕೆ ಮೊದಲೇ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ನೆರವಿನಿಂದ ಅಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರ ತಂತಿಯ ಮೂಲಕ ಮನೆಮನೆಗೆ ಕಾರ್ಯಕ್ರಮಗಳನ್ನು ಮುಟ್ಟಿಸಿತು. ಸ್ವಸಹಾಯ ಸಂಘಗಳ ಹೆಂಗಸರು ಬೆಳೆ, ಆರೋಗ್ಯ, ಕುಡಿಯುವ ನೀರು ಮುಂತಾದ ತಮ್ಮ ವಿಷಯಗಳನ್ನು ತಮ್ಮದೇ ಆಡುಮಾತಿನಲ್ಲಿ ಧ್ವನಿಮುದ್ರಿಸಿ ಊರಿಗೆ ಕೇಳಿಸಿದರು. ಚಾವಡಿಯಲ್ಲಿ ಸ್ಥಾನವಿಲ್ಲದಿದ್ದವರ ಮೊಮ್ಮಕ್ಕಳು ಇಲ್ಲಿ ಸಾರುವವರೂ ಆದರು, ನಿರ್ಣಯಿಸುವವರೂ ಆದರು.

1983ರ ಪಂಚಾಯತ್ ಕಾನೂನು ಕರ್ನಾಟಕದಲ್ಲಿ ಹೆಂಗಸರಿಗೆ ಸ್ಥಾನಗಳನ್ನು ಮೀಸಲಿರಿಸಿತು. 1993ರ ಅಧಿನಿಯಮ ಗ್ರಾಮಸಭೆಯನ್ನು ಊರಾಡಳಿತದ ತಳಹದಿಯನ್ನಾಗಿ ಮಾಡಿತು. ಹೀಗೆ ಕಟ್ಟೆಯ ಮೇಲೆ ಕೂಡುವ ಹಕ್ಕನ್ನು ಕಾನೂನು ಎಲ್ಲರಿಗೂ ಕೊಟ್ಟಿದೆ. ಆದರೆ ಸಭೆಯ ದಿನವನ್ನು ಫಲಕದ ಮೂಲೆಯಲ್ಲಿ ಅಂಟಿಸಿ, ಕೂಲಿಯವರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಸಭೆ ಕೂಡಿಸಿ, ಮೊದಲೇ ಬರೆದಿಟ್ಟ ನಿರ್ಣಯಕ್ಕೆ ರುಜು ಹಾಕಿಸಿಕೊಳ್ಳುವ ಕಡೆಗಳಲ್ಲಿ ಆ ಹಕ್ಕು ನಿಷ್ಫಲವಾಗುತ್ತದೆ. ಊರಿನ ಕೆಲಸಕ್ಕೆ ಕೈಹಾಕುವ ಯಾವ ಸಂಘವೇ ಆಗಲಿ, ತನ್ನ ಮಾತು ಎಷ್ಟು ಮಂದಿಗೆ ತಲಪಿತೆಂಬುದನ್ನು ಎಣಿಸುವುದಕ್ಕೆ ಮೊದಲು, ಎಷ್ಟು ಮಂದಿಯ ಮರುಮಾತಿನಿಂದ ತನ್ನ ನಿರ್ಣಯ ತಿದ್ದುಪಡಿಯಾಯಿತೆಂಬುದನ್ನು ನೋಡಿಕೊಳ್ಳಬೇಕು. ತಮಟೆಯನ್ನು ಹೊತ್ತವನ ಮಾತಿಗೂ ಗೌಡನ ಮಾತಿಗೂ ಸಮಾನವಾದ ತೂಕವಿರುವ ಸಭೆಯನ್ನು ಕಟ್ಟುವವರೆಗೆ, ಸಾವಿರ ವರ್ಷದ ಹಿಂದಿನ ಶಾಸನಗಳು ಹೆಸರಿಸಿದ ‘ಸಮಸ್ತ ಪ್ರಜೆಗಳು’ ಸಂಪೂರ್ಣವಾಗಿ ಕೂಡಿದಂತಾಗಲಿಲ್ಲ. ಆ ಕಾರ್ಯವನ್ನು ಪೂರೈಸುವ ಹೊಣೆ ನಮ್ಮ ಕಾಲದವರದು.