ಒಗ್ಗಿದ ಮೂಗಿನ ಸಾಕ್ಷ್ಯ: ಹೊಸಕೆರೆಹಳ್ಳಿಯ ಕೆರೆವಾಸನೆ ಮತ್ತು ಘ್ರಾಣದ ಹೊಂದಾಣಿಕೆ

ಬೆಂಗಳೂರಿನ ಹೊಸಕೆರೆಹಳ್ಳಿ ಕೆರೆಗೆ ಕೊಳಚೆ ನೀರು ಸೇರುತ್ತಿದೆ ಎಂಬ ದೂರು ಹೊಸದಲ್ಲ. ವೃಷಭಾವತಿ ಕಣಿವೆಯ ಈ ಭಾಗದಲ್ಲಿ ರಾಜಕಾಲುವೆಯ ಬದಿಗೆ ಮೊದಲ ಸಲ ಬಂದವರು ಮೂಗು ಮುಚ್ಚಿಕೊಂಡರೆ, ಅಲ್ಲೇ ವಾಸವಿರುವವರು ‘ನಮಗೇನೂ ಗೊತ್ತಾಗಲ್ಲ’ ಎನ್ನುವುದುಂಟು. ಈ ಮಾತು ಸುಳ್ಳಲ್ಲ. ಆದರೆ ನಾತ ಇಲ್ಲವೆಂಬುದಕ್ಕೆ ಅದು ಸಾಕ್ಷಿಯೂ ಅಲ್ಲ. ಹೀಗಾಗಲು ಮೂಗು ಮಂಕಾಗಬೇಕಿಲ್ಲ, ಬಂದ ಸುದ್ದಿಯನ್ನು ಮಿದುಳೇ ತಡೆಹಿಡಿದರೂ ಸಾಕು ಎಂಬುದು ಇಲ್ಲಿಯ ವಾದ.

ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೇಟ್‌ನಿಂದ ಹೈಡ್ರೋಜನ್ ಸಲ್ಫೈಡ್ ತಯಾರಿಸುತ್ತವೆ. ಕೊಳೆತ ಮೊಟ್ಟೆಯ ನಾತ ಇದರದೇ. ಮೂಗಿನ ಮೇಲ್ತುದಿಯ ಲೋಳೆಪೊರೆಯಲ್ಲಿರುವ ನರಕೋಶಗಳು ಇಂಥ ಅಣುಗಳನ್ನು ಗ್ರಾಹಕಗಳ ಮೂಲಕ ಹಿಡಿಯುತ್ತವೆ. ಮನುಷ್ಯರಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಆ ಜೀನ್‌ಗಳ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು. ಅಣು ತಗುಲಿದೊಡನೆ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಮರುಕ್ಷಣ ಅದೇ ಕ್ಯಾಲ್ಸಿಯಂ ತಾನು ಬಂದ ದಾರಿಯನ್ನು ಕಿರಿದು ಮಾಡುತ್ತದೆ. ಇದು ಕ್ಷಣಗಳ, ನಿಮಿಷಗಳ ಮಾತು. ದಿನಗಟ್ಟಲೆ ಉಳಿಯುವ ಒಗ್ಗುವಿಕೆಯ ಬಗ್ಗೆ ಒಳ್ಳೆಯ ಪುರಾವೆ ಸಿಕ್ಕಿದ್ದು ಇದೇ ಬೆಂಗಳೂರಿನಲ್ಲಿ. ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರೋಡ್ರಿಗಸ್ ಹಣ್ಣುನೊಣದ ಘ್ರಾಣಶಕ್ತಿಯ ಅಧ್ಯಯನವನ್ನು ಬೆಳೆಸಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಸಂಶೋಧಕರು, ಡಬ್ಲಿನ್‌ನ ಸಹೋದ್ಯೋಗಿಗಳೊಂದಿಗೆ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೊಣಗಳನ್ನು ನಾಲ್ಕು ದಿನ ಒಂದೇ ವಾಸನೆಯಲ್ಲಿ ಇರಿಸಿದರು. ಮಿದುಳಿನ ಮೊದಲ ಘ್ರಾಣಕೇಂದ್ರದಲ್ಲಿ ಅಡ್ಡಗಟ್ಟುವ ನರಕೋಶಗಳು ಬಲಗೊಂಡು ಆ ವಾಸನೆಯ ಸಂಕೇತವನ್ನಷ್ಟೇ ತಗ್ಗಿಸಿದವು.

ನೊಣಕ್ಕೂ ಮನುಷ್ಯನಿಗೂ ಎಲ್ಲಿಯ ಸಮ ಎಂಬ ಆಕ್ಷೇಪ ಸಹಜ. ಪಮೇಲಾ ಡಾಲ್ಟನ್ ಮತ್ತು ಚಾರ್ಲ್ಸ್ ವೈಸೋಕಿ 1996ರಲ್ಲಿ ವರದಿ ಮಾಡಿದ ಅಧ್ಯಯನ ಜನರ ಮನೆಗಳಲ್ಲೇ ನಡೆದದ್ದು: ಎರಡು ವಾರ ಒಂದೇ ವಾಸನೆಯ ನಡುವೆ ಬದುಕಿದವರಿಗೆ ಆ ವಾಸನೆ ಮಂದವಾಯಿತು, ಅದನ್ನು ತೆಗೆದ ಮೇಲೂ ಎರಡು ವಾರದವರೆಗೆ ಮಂದವಾಗಿಯೇ ಉಳಿಯಿತು. ಇನ್ನೊಂದು ಆಕ್ಷೇಪ ಅಡುಗೆಮನೆಯಿಂದ ಬರುತ್ತದೆ: ಮೂಗು ಸತ್ತಿದ್ದರೆ ಸಾರಿನ ರುಚಿ ಹೇಗೆ ತಿಳಿಯುತ್ತದೆ? ಸಾರಿನಲ್ಲಿ ನಾಲಿಗೆ ಹಿಡಿಯುವುದು ಹುಳಿ, ಉಪ್ಪಿನಂಥ ಮೂಲರುಚಿಗಳನ್ನು ಮಾತ್ರ. ಮೆಣಸಿನ ಖಾರ ಬೇರೆಯೇ ನರದ ಉರಿ. ಕರಿಬೇವು, ಕೊತ್ತಂಬರಿ, ಒಗ್ಗರಣೆಯ ಘಮ ಗಂಟಲ ಹಿಂಬದಿಯಿಂದ ಮೂಗಿಗೇರಿದಾಗಲೇ ಸಾರು ಸಾರೆನಿಸುತ್ತದೆ. ಒಗ್ಗುವಿಕೆ ಒಂದು ವಾಸನೆಗೆ ಸೀಮಿತವಾದ್ದರಿಂದ ಕಾಲುವೆಯ ನಾತ ಮರೆತ ಮೂಗು ಇವನ್ನು ಮರೆಯಬೇಕಿಲ್ಲ. (ಇಂಗಿನ ಮಾತು ಬೇರೆ ಇರಬಹುದು. ಅದರ ಘಾಟಿಗೂ ಗಂಧಕದ ಸಂಯುಕ್ತಗಳೇ ಕಾರಣ. ಕಾಲುವೆ ಬದಿಯ ಮನೆಗಳಲ್ಲಿ ಇಂಗು ಹೆಚ್ಚು ಬೀಳುತ್ತದೆಯೇ ಎಂದು ಯಾರಾದರೂ ಪರೀಕ್ಷಿಸಬೇಕು.)

ಹಾಗಾದರೆ ಮೂಗಿನ ಗೊಡವೆ ಬಿಟ್ಟು ಅನಿಲಮಾಪಕವನ್ನೇ ನಂಬಬಹುದಲ್ಲ ಎನ್ನುವವರ ಮಾತು ಅರ್ಧ ಸರಿ. ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ ತಲುಪಿದರೆ ಕೆಲವೇ ನಿಮಿಷಗಳಲ್ಲಿ ಘ್ರಾಣವೇ ಕೈಕೊಡುತ್ತದೆ. ಅದು ಒಗ್ಗುವುದಲ್ಲ, ವಿಷ. ಮ್ಯಾನ್‌ಹೋಲಿನ ಬಾಯಲ್ಲಿ ಮೂಗನ್ನು ನೆಚ್ಚುವುದು ಪ್ರಾಣಾಂತಿಕ. ಆದರೆ ತೆರೆದ ಕಾಲುವೆಯ ನಾತ ಹಲವು ಅನಿಲಗಳ ಬೆರಕೆ, ಒಂದೇ ಅನಿಲ ಅಳೆಯುವ ಯಂತ್ರಕ್ಕೆ ಅದು ಪೂರ್ತಿ ಸಿಗದು. ಜನರನ್ನು ಕೇಳಲೇಬೇಕು, ಯಾರನ್ನು ಎಂಬುದಷ್ಟೇ ಪ್ರಶ್ನೆ. ಡಾಲ್ಟನ್ ಅವರ ಎರಡು ವಾರದ ಲೆಕ್ಕ ಹಿಡಿದರೆ, ಬೇಸಿಗೆ ರಜೆಗೆ ತಿಂಗಳು ಊರಿಗೆ ಹೋಗಿ ಬಂದ ನಿವಾಸಿಗಳನ್ನು ಅವರು ಮನೆಯ ಬೀಗ ತೆಗೆಯುವ ದಿನವೇ ಕೇಳುವುದು ಸರಿಯಾದ ಸಮೀಕ್ಷೆ.